ಆಕ್ಸಲ್ ಇಲ್ಲದ ಗಾಡಿ, ಏರುವ ನೀರು

ನೀರು ಹೊಸ್ತಿಲು ದಾಟಿ ಶೆಡ್ಡಿನೊಳಗೆ ಬಂದಾಗ ನಮ್ಮ ಪಿಕಪ್‌ಗೆ ಹಿಂದಿನ ಚಕ್ರಗಳೇ ಇರಲಿಲ್ಲ. ಚಕ್ರ ಹೊರುವ ಆಕ್ಸಲ್ಲೂ ಇರಲಿಲ್ಲ. ಗೇರ್ ಬಾಕ್ಸ್ ಬಿಚ್ಚಿ ಮೂಲೆಗೆ ಸರಿಸಿಯಾಗಿತ್ತು. ಚಾಸಿಯ ಹಿಂಭಾಗ ಎರಡು ಅಟ್ಟಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ಎಂಜಿನ್ನಿನ ಹಿಂತುದಿ ಚೈನ್ ಪುಲ್ಲಿಗೆ ನೇತುಬಿದ್ದಿತ್ತು. ತಳ್ಳೋಣವೆಂದರೆ ಉರುಳುವುದಿಲ್ಲ, ಎತ್ತಿಸೋಣವೆಂದರೆ ಕ್ರೇನ್ ಬರಲು ಹಾದಿ ಇಲ್ಲ. ಅದು 2020ರ ಅಕ್ಟೋಬರ್ 13ರ ರಾತ್ರಿ. ಊರು ಹೈದರಾಬಾದ್, ವನಸ್ಥಲಿಪುರಂ ಮಗ್ಗುಲಿನ ಆಟೋನಗರ.

ಅಂದು ಬೆಳಗ್ಗೆ ಕಾಕಿನಾಡದ ಬಳಿ ದಡ ಹತ್ತಿದ ವಾಯುಭಾರ ಕುಸಿತ ಇಡೀ ದಿನ ತೆಲಂಗಾಣದ ಮೇಲೆ ಸುರಿದಿತ್ತು. ಬೇಗಂಪೇಟೆಯಲ್ಲಿ 19 ಸೆಂಟಿಮೀಟರ್, ಘಟಕೇಸರದಲ್ಲಿ 32. 1908ರಲ್ಲಿ ಮೂಸಿ ನದಿ ಊರನ್ನೇ ಕೊಚ್ಚಿದ ಮೇಲೆ ನಿಜಾಮರು ವಿಶ್ವೇಶ್ವರಯ್ಯನವರನ್ನು ಕರೆಸಿದರು. ನದಿಗೆ ಲಗಾಮು ಹಾಕಲು ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು. ಈ ಸಲ ಹಿಮಾಯತ್ ಸಾಗರದ ಗೇಟು ಎತ್ತಬೇಕಾಯಿತು. ಸಾಲದ್ದಕ್ಕೆ ಊರೊಳಗಿನ ಕೆರೆಗಳೇ ತಿರುಗಿಬಿದ್ದವು. ಪಲ್ಲೆ ಚೆರುವು ಒಡೆಯಿತು, ಗಗನ್‌ಪಹಾಡ್ ಬಳಿ ಬೆಂಗಳೂರು ಹೆದ್ದಾರಿಯೇ ಕೊಚ್ಚಿಹೋಯಿತು. ನಮಗೆ ಇದೊಂದೂ ಗೊತ್ತಿಲ್ಲ. ನಮಗೆ ಗೊತ್ತಿದ್ದದ್ದು ಪಾದ ಮುಳುಗಿಸಿದ ನೀರು ಈಗ ಮೀನಖಂಡಕ್ಕೆ ಬಂದಿದೆ ಎಂಬುದೊಂದೇ.

ಗಾಡಿ ನಮ್ಮ ಕಾಕಾನದು. ಬೀದರಿನಲ್ಲಿ ನಿಂತು ಕೊಳೆಯುತ್ತಿದ್ದ ಹಳೇ ಮಹೀಂದ್ರ, ಅಮೆರಿಕದ ವಿಲ್ಲಿಸ್ ಜೀಪಿನ ವಂಶದ್ದು. ಹಿಂದಿನ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8. ಎಂಜಿನ್ ಕಡೆಯ ಶಾಫ್ಟ್ 5.38 ಸುತ್ತು ಹೊಡೆದರೆ ಚಕ್ರ ಒಂದು ಸುತ್ತು. ಗುಡ್ಡ ಹತ್ತಲು ಗಟ್ಟಿ, ಆದರೆ ಹೆದ್ದಾರಿಯಲ್ಲಿ ಪ್ರಾಣ ಹಿಂಡುತ್ತದೆ. ಗಂಟೆಗೆ 60 ಕಿಲೋಮೀಟರ್ ಓಡಲು ಎಂಜಿನ್ ನಿಮಿಷಕ್ಕೆ 2,360ರ ಆಸುಪಾಸು ತಿರುಗಬೇಕು. ಗುಜರಿಯಲ್ಲಿ ಸಿಕ್ಕ ಆಕ್ಸಲ್ 47ಕ್ಕೆ 11ರದು, ಅಂದರೆ 4.27. ಅದೇ ವೇಗಕ್ಕೆ 1,880 ಸುತ್ತು ಸಾಕು. ಆದರೆ ಆಕ್ಸಲ್ ಒಂದನ್ನೇ ಬದಲಿಸಿದರೆ ಏರಿನಲ್ಲಿ ಗಾಡಿ ನಿಂತು ಬೆವರುತ್ತದೆ. ಮೂರು ಗೇರಿನ ಹಳೇ ಡಬ್ಬಿಯ ಫಸ್ಟ್ ಗೇರು 2.798, ಹೊಸ ಆಕ್ಸಲ್ಲಿಗೆ ಆ ದಮ್ಮು ಸಾಲದು. ಅದಕ್ಕೇ ಇನ್ನೂ ತಗ್ಗಿನ ಫಸ್ಟ್ ಇರುವ ನಾಲ್ಕು ಗೇರಿನ ಡಬ್ಬಿಯೂ ಜೊತೆಗೆ ಬಂತು. ಇವೆರಡೂ ಜೋಡಿ, ಒಂದನ್ನು ಮುಟ್ಟಿದರೆ ಇನ್ನೊಂದನ್ನೂ ಮುಟ್ಟಲೇಬೇಕು. ನಮ್ಮದು ಟೂ-ವೀಲ್ ಡ್ರೈವ್ ಆಗಿದ್ದು ಪುಣ್ಯ. ಫೋರ್-ವೀಲ್ ಆಗಿದ್ದರೆ ಮುಂದಿನ ಪಿನಿಯನ್ನನ್ನೂ ಅದೇ ಲೆಕ್ಕಕ್ಕೆ ತರಬೇಕಿತ್ತು.

"ಉಸ್ತಾದ್, ಗಾಡಿ ಬಿಟ್ಟು ಹೋಗೂಣೇನು?" ಕಾಕಾ ಕೇಳಿದರು.

ಮಿಸ್ತ್ರಿ ಜಹೀರಾಬಾದ್ ಕಡೆಯವರು, ನಮ್ಮ ಕನ್ನಡ ಬಲ್ಲವರು. "ಕ್ಲಚ್ಚು ಬಾಯಿ ತಕ್ಕೊಂಡು ಕೂತದ ಸಾಬ್. ಮುಂಜಾನಿತನ ಬಿಟ್ರ ಎಂಜಿನ್ ಸೈತ ಹೋತು. ಮೊದ್ಲ ಆಕ್ಸಲ್. ಚಕ್ರ ಬಂದ್ರ ಗಾಡಿ, ಇಲ್ಲಂದ್ರ ಗುಜರಿ."

ಕರೆಂಟ್ ಹೋಯಿತು. ಮೊಬೈಲ್ ಬೆಳಕಿನಲ್ಲಿ ಮಿಸ್ತ್ರಿ ಮೊದಲು ಮಾಡಿದ ಕೆಲಸ ನನಗೆ ದಂಡವೆನಿಸಿತು. ಬಿಚ್ಚಿಟ್ಟ ಎರಡು ಚಕ್ರಗಳನ್ನು ಉರುಳಿಸಿಕೊಂಡು ಬಂದು ಚಾಸಿಯ ಅಡಿಗೆ ಮಲಗಿಸಿದರು. ಜಾಕಿನ ಬುಡಕ್ಕೊಂದು ಶಹಾಬಾದ್ ಕಲ್ಲು. ನೀರು ಕುಡಿದ ಮಣ್ಣುನೆಲ ಜಾಕನ್ನು ನುಂಗದಂತೆ ಭಾರ ಹರಡಲು ಕಲಬುರಗಿಯ ಆ ಹಾಸುಗಲ್ಲೇ ಬೇಕಿತ್ತು. ಆಮೇಲೆ ಮೂವರೂ ಕೆಳಗೆ ನುಗ್ಗಿದೆವು.

ಹೊಸ ಆಕ್ಸಲ್ಲನ್ನು ನೀರಲ್ಲೇ ಎಳೆದು ತಂದೆವು. ಕಮಾನಿನ ಪಟ್ಟಾಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಮೇಲಿನ ತೂತಿಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಆಕ್ಸಲ್ ಅಡ್ಡವಾಗಿ ಗಾಡಿ ಏಡಿಯಂತೆ ನಡೆಯುತ್ತದೆ. ಎಡಗಡೆ ಕೂತಿತು. ಬಲಗಡೆ ನಾನು ಬೆರಳಿನಿಂದ ತೂತು ಹುಡುಕುತ್ತಿದ್ದೆ. ಕಿವಿಯ ಹತ್ತಿರ ಕಟ್ ಎಂದಿತು. ಬಲಗಡೆಯ ಅಟ್ಟಿಯ ಕೆಳದಿಮ್ಮಿ ಕೆಸರಲ್ಲಿ ಜಾರಿತ್ತು. "ಹೊರಗ ಬಾ!" ಮಿಸ್ತ್ರಿ ನನ್ನ ಕಾಲು ಹಿಡಿದು ಜಗ್ಗಿದರು. ಬೆನ್ನು ಕಲ್ಲಿಗೆ ತರಚಿತು, ಬಾಯಲ್ಲಿ ನೀರು ಹೊಕ್ಕಿತು, ಚಾಸಿ ಧಡಾರನೆ ಕೆಳಗೆ ಬಂತು. ಬಂದದ್ದು ಮಲಗಿಸಿದ ಚಕ್ರದ ಮೇಲೆ. ಟೈರು ಅಮುಕಿತು, ಗಾಡಿ ಅಲ್ಲೇ ನಿಂತಿತು. ಕೆಳಗೆ ಉಳಿದ ಸಂದಿನಲ್ಲಿ ನನ್ನ ಎದೆ ಹಿಡಿಯುತ್ತಿತ್ತೋ ಇಲ್ಲವೋ, ಅಳೆದು ನೋಡುವ ಮನಸ್ಸಾಗಲಿಲ್ಲ.

ಮತ್ತೆ ಜಾಕು, ಮತ್ತೆ ಕಲ್ಲು. ಈ ಸಲ ಬೋಲ್ಟ್ ಕೂತಿತು. ನಾಲ್ಕು ಯು-ಬೋಲ್ಟ್, ಎಂಟು ನಟ್ಟು, ಎಲ್ಲವೂ ನೀರಿನಡಿ. ಕಣ್ಣು ಮುಚ್ಚಿ ಪಾನಾ ತಿರುವಿದೆವು. ಚಕ್ರ ಏರಿಸಿದೆವು. ಬ್ರೇಕ್ ಪೈಪ್ ಸೇರಿಸಿಯಾಯಿತು, ಅದರೊಳಗಿನ ಗಾಳಿ ತೆಗೆಯಲು ಮಾತ್ರ ಹೊತ್ತಿರಲಿಲ್ಲ. "ಮೂರು ಸಲ ಪಂಪ್ ಹೊಡೀರಿ, ಹಿಡೀತದ," ಎಂದರು ಮಿಸ್ತ್ರಿ.

ನೀರು ಮೊಣಕಾಲಿಗೆ ಬಂತು. ಇನ್ನು ಗೇರ್ ಬಾಕ್ಸ್. ಅದರ ಮೂತಿಯ ಶಾಫ್ಟ್ ಕ್ಲಚ್ ಪ್ಲೇಟಿನ ಹಲ್ಲುಗಳೊಳಗೆ ನುಸುಳಿ ಫ್ಲೈವೀಲ್ ನಡುವಿನ ಬೇರಿಂಗಿಗೆ ಮುಟ್ಟಬೇಕು. ಕೂದಲೆಳೆ ಓರೆಯಾದರೂ ಒಳಗೆ ಹೋಗದು. ಕಾಕಾ ಚೈನ್ ಸಡಿಲಿಸಿ ಎಂಜಿನ್ನಿನ ಹಿಂತುದಿಯನ್ನು ಇಂಚಿಂಚೇ ಇಳಿಸಿದರು, ನಾನು ಡಬ್ಬಿಯನ್ನು ಎದೆಗೆ ಅವಚಿ ತಳ್ಳಿದೆ, ಮಿಸ್ತ್ರಿ ಹಿಂದಿನಿಂದ ಶಾಫ್ಟನ್ನು ಒಂದೊಂದೇ ಹಲ್ಲು ತಿರುಗಿಸಿದರು. ಇಲ್ಲ. ಇಲ್ಲ. ಇಲ್ಲ. ಆಮೇಲೆ ಒಮ್ಮೆಲೇ ಡಬ್ಬಿ ನನ್ನ ಕೈಯಿಂದ ಕಳಚಿಕೊಂಡು ಮುಂದೆ ಹೋಗಿ ಬೆಲ್ ಹೌಸಿಂಗಿಗೆ ಟಪ್ಪನೆ ಅಂಟಿತು.

"ಜಾಯಿಂಟ್ ರಾಡ್ ಎಲ್ಲದ?" ಕಾಕಾ ಕೇಳಿದರು. ಮಿಸ್ತ್ರಿ ಉತ್ತರ ಕೊಡಲಿಲ್ಲ.

ಹೊಸ ಡಬ್ಬಿ ಹಳೆಯದಕ್ಕಿಂತ ಉದ್ದ. ಹಿಂದಿನ ಆಕ್ಸಲ್ಲಿಗೆ ಹೋಗುವ ರಾಡನ್ನು ಅಷ್ಟೇ ಗಿಡ್ಡ ಮಾಡಬೇಕು. ಮಧ್ಯಾಹ್ನವೇ ಲೇತ್‌ನವನ ಹತ್ತಿರ ಕೊಯ್ಸಿ, ವೆಲ್ಡ್ ಮಾಡಿಸಿ ಆಗಿತ್ತು. ಆದರೆ ರಾಡ್ ಉಳಿದದ್ದು ಅವನ ಅಂಗಡಿಯಲ್ಲಿ, ಅಂಗಡಿ ಇದ್ದದ್ದು ಗಲ್ಲಿಯ ಆಚೆ ಬದಿ, ಗಲ್ಲಿಯಲ್ಲಿ ಈಗ ಡ್ರಮ್ಮುಗಳು ತೇಲಿಹೋಗುತ್ತಿದ್ದವು. ಮ್ಯಾನ್‌ಹೋಲ್ ಎಲ್ಲಿ ಬಾಯಿ ತೆರೆದಿದೆಯೋ ಕಾಣುವಂತಿರಲಿಲ್ಲ. ನನ್ನ ಸೊಂಟಕ್ಕೆ ಟೋಯಿಂಗ್ ಹಗ್ಗ ಕಟ್ಟಿ ಇನ್ನೊಂದು ತುದಿ ಕಂಬಕ್ಕೆ ಸುತ್ತಿದರು. ಕೈಯಲ್ಲೊಂದು ಹಾರೆ. ಹಾರೆ ನೆಲಕ್ಕೆ ತಾಗಿದ ಮೇಲೆ ಹೆಜ್ಜೆ, ತಾಗದಿದ್ದರೆ ಹಿಂದಕ್ಕೆ. ನಡುಗಲ್ಲಿಯಲ್ಲಿ ಹಾರೆ ಸರ್ರನೆ ಇಳಿದುಬಿಟ್ಟಿತು, ತಳ ಸಿಗಲಿಲ್ಲ. ಸುಳಿ ಮೊಣಕಾಲನ್ನು ಸೆಳೆಯಿತು. ಹಗ್ಗ ಬಿಗಿಯಾಯಿತು. ಗುಂಡಿಯ ಬಲಕ್ಕೆ ಸುತ್ತಿ ಹೋದೆ, ರಾಡನ್ನು ಹೆಗಲಿಗೇರಿಸಿಕೊಂಡು ಅದೇ ದಾರಿಯಲ್ಲಿ ಬಂದೆ.

ಅಷ್ಟು ಆತುರದಲ್ಲೂ ಮಿಸ್ತ್ರಿ ರಾಡಿನ ಎರಡೂ ತುದಿಯ ಕವೆಗಳು ಒಂದೇ ಸಮಕ್ಕಿವೆಯೇ ಎಂದು ಬೆಳಕು ಹಿಡಿದು ನೋಡಿದರು. ಅಡ್ಡಾದಿಡ್ಡಿ ಇದ್ದರೆ ಓಡುವಾಗ ನಡುಗಿ ನಡುಗಿ ಹೊಸ ಪಿನಿಯನ್ನಿನ ಬೇರಿಂಗ್ ತಿಂದುಹಾಕುತ್ತದೆ. ಡಬ್ಬಿಗೆ, ಆಕ್ಸಲ್ಲಿಗೆ 90 ನಂಬರ್ ಎಣ್ಣೆ ಸುರಿದೆವು. ಆಕ್ಸಲ್ಲಿನ ಉಸಿರುತೂತಿಗೆ ಪೆಟ್ರೋಲ್ ಪೈಪಿನ ತುಂಡು ಸಿಕ್ಕಿಸಿ ಮೇಲಕ್ಕೆ ಕಟ್ಟಿದರು. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದರೆ ಆ ತೂತಿನಿಂದಲೇ ನೀರು ಹೀರುತ್ತದೆ. ಫ್ಯಾನ್ ಬೆಲ್ಟ್ ಕಳಚಿದರು, ರೆಕ್ಕೆ ಎರಚುವ ನೀರು ಡಿಸ್ಟ್ರಿಬ್ಯೂಟರಿಗೆ ಬಿದ್ದರೆ ಪೆಟ್ರೋಲ್ ಎಂಜಿನ್ ಅಲ್ಲೇ ಮಲಗುತ್ತದೆ.

"ಫಸ್ಟ್‌ನಾಗ ಹಾಕ್ರಿ. ಎಕ್ಸಲೇಟರ್ ಬಿಡಬ್ಯಾಡ್ರಿ. ಬಿಟ್ರ ಸೈಲೆನ್ಸರ್ ನೀರು ಕುಡೀತದ."

ಕಾಕಾ ಕ್ಲಚ್ ಬಿಟ್ಟರು. ಗಾಡಿ ಒಮ್ಮೆ ಕೊಸರಿ ನೀರಿಗೆ ಇಳಿಯಿತು. ಹೆಡ್‌ಲೈಟು ಅರ್ಧ ಮುಳುಗಿ ಮುಂದೆಲ್ಲ ಹಳದಿ ಕೆಸರು. ಗಲ್ಲಿಯ ಕೊನೆಗೆ ಹೆದ್ದಾರಿಯ ಏರು. ಅಲ್ಲಿ ಎಂಜಿನ್ ಗೊಗ್ಗರಿಸಿತು, ನಾವು ಹಲ್ಲು ಕಚ್ಚಿ ಕೂತೆವು. ತಗ್ಗಿನ ಫಸ್ಟ್ ಗೇರು ಕೈಬಿಡಲಿಲ್ಲ. ಆಮೆಯ ನಡಿಗೆಯಲ್ಲಿ ಹತ್ತಿ, ಟಾರಿನ ಮೇಲೆ ಬಂದೆವು. ಎದುರಿಗೇ ಕೆಟ್ಟುನಿಂತ ಬಸ್ಸು! ಕಾಕಾ ಬ್ರೇಕ್ ಒತ್ತಿದರೆ ಪೆಡಲ್ ನೆಲಕ್ಕೆ ಹೋಯಿತು. ನೆನೆದ ಡ್ರಮ್ಮಿನಲ್ಲಿ ಹಿಡಿತವಿಲ್ಲ, ಪೈಪಿನಲ್ಲಿ ಗಾಳಿ. ಒಂದು, ಎರಡು, ಮೂರು ಪಂಪು, ಜೊತೆಗೆ ಫಸ್ಟ್ ಗೇರಿನ ತಡೆ. ಬಂಪರು ಬಸ್ಸಿಗೆ ಮುತ್ತಿಡುವಷ್ಟರಲ್ಲಿ ಗಾಡಿ ನಿಂತಿತು.

ಮರುದಿನ ಮಿಸ್ತ್ರಿ ಬೆಲ್ಟ್ ಹಾಕಿ, ಆಕ್ಸಲ್ಲಿನ ಡ್ರೇನ್ ಬೋಲ್ಟ್ ತೆಗೆದರು. ನೀರು ಹೊಕ್ಕಿದ್ದರೆ ಎಣ್ಣೆ ಬೆಳ್ಳಗೆ ಕದಡಿ ಬರಬೇಕು. ಬಂದದ್ದು ಹೊಳೆಯುವ ಕಂದು ಎಣ್ಣೆ. ರಸ್ತೆಗಳು ತೆರೆದ ಮೇಲೆ ಸಂಗಾರೆಡ್ಡಿ ದಾಟಿ ಕಾಕಾ ಫೋರ್ತ್ ಹಾಕಿದರು. ಮುಳ್ಳು 60ರಲ್ಲಿ, ಎಂಜಿನ್ ಚೀರುತ್ತಿಲ್ಲ. ಆ ಗಾಡಿಯಲ್ಲಿ ಓಡುತ್ತಲೇ ಮಾತಾಡಲು ಸಾಧ್ಯವೆಂದು ಮೊದಲ ಸಲ ತಿಳಿಯಿತು. ಕಾಕಾ ಆಡಿದ ಮೊದಲ ಮಾತು:

"ಈಗ ಓಡೂದು ಕಲಿತದ. ನಿಲ್ಲೂದು ಯಾವಾಗ ಕಲಸೂಣು?"