ಮೊದಲು ಜೋಳ, ಆಮೇಲೆ ಮಾತು

ವಿಜಯಪುರದ ಸೀಮೆಯಲ್ಲಿ ಬೈಗುಳವೂ ಒಂದು ಮರ್ಯಾದೆ. ಇಬ್ರಾಹಿಂಪುರದ ರೈಲ್ವೆ ಗೇಟು ಬಿದ್ದಾಗ ಎರಡೂ ಬದಿ ಸಾಲುಗಟ್ಟಿ ನಿಂತ ಸೈಕಲ್ಲು, ಬೈಕು, ಟಂಟಂಗಳ ನಡುವೆ ಕಿವಿಗೊಟ್ಟವರಿಗೆ ಇದು ಗೊತ್ತು. ವರ್ಷಗಟ್ಟಲೆ ಕಾಣದ ಗೆಳೆಯ ಸಿಕ್ಕರೆ ‘ಎಲ್ಲಿ ಸತ್ತಿದ್ದಿಲೇ ಮಗನ’ ಅನ್ನಬೇಕು, ಅಂದರೇ ಅವನಿಗೂ ಸಮಾಧಾನ. ಹೆದರಬೇಕಾದದ್ದು ಬಹುವಚನಕ್ಕೆ. ‘ನೀವು ಭಾಳ ಶ್ಯಾಣ್ಯಾರದೀರಿ ಬಿಡ್ರಿ’ ಎಂದು ಯಾರಾದರೂ ಮೆತ್ತಗೆ ಅಂದರೆ ಜಗಳ ಶುರುವಾಗಿದೆ ಎಂದೇ ತಿಳಿಯಬೇಕು. ಇಂಥ ಊರಿನಲ್ಲಿ ಕ್ರೈಸ್ತ ಮನೆತನದಲ್ಲಿ ಬೆಳೆದವರ ಪಾಡು ಸ್ವಲ್ಪ ಬಿಕ್ಕಟ್ಟಿನದು. ಯಾಕೆಂದರೆ ನಮ್ಮ ಸತ್ಯವೇದದಲ್ಲಿ ನಾಲಿಗೆಯನ್ನೇ ಹಿಡಿದು ಕೂರಿಸಿ ವಿಚಾರಣೆ ಮಾಡುವ ಪತ್ರಿಕೆಯೊಂದಿದೆ.

ಅದು ಯಾಕೋಬನ ಪತ್ರಿಕೆ. ಐದೇ ಅಧ್ಯಾಯ, 108 ವಚನ, ಪುಸ್ತಕದ ಕೊನೆಯ ಹಾಳೆಗಳ ಕಡೆ ಇದೆ. ಯೇಸುವಿನ ತಮ್ಮ, ಯೆರೂಸಲೇಮಿನ ಸಭೆಯ ಹಿರಿಯ ಯಾಕೋಬನೇ ಇದನ್ನು ಬರೆದವನು ಎಂಬುದು ಪರಂಪರೆಯ ನಂಬಿಕೆ. ಪರಲೋಕದ ರಹಸ್ಯಗಳನ್ನು ಬಿಡಿಸುವ ಗೊಡವೆಗೆ ಈ ಮನುಷ್ಯ ಹೆಚ್ಚು ಹೋಗುವುದಿಲ್ಲ. ಸಭೆಗೆ ಬಂದ ಸಾಹುಕಾರನಿಗೆ ಕುರ್ಚಿ, ಬಡವನಿಗೆ ನೆಲ ಕೊಟ್ಟದ್ದು ಯಾಕೆ, ಕೂಲಿಯವರ ಕೂಲಿ ಹಿಡಿದಿಟ್ಟದ್ದು ಯಾಕೆ ಎಂಬಂಥ ಮನೆ-ಹೊಲದ ಪ್ರಶ್ನೆಗಳೇ ಅವನಿಗೆ ಮುಖ್ಯ. ಮೂರನೆಯ ಅಧ್ಯಾಯಕ್ಕೆ ಬಂದರೆ ನಾಲಿಗೆಯ ಸರದಿ. ಕುದುರೆಗೆ ಕಡಿವಾಣ, ಹಡಗಿಗೆ ಚುಕ್ಕಾಣಿ, ಕಾಡಿಗೆ ಕಿಡಿ ಎಂದು ಒಂದರ ಮೇಲೊಂದು ಉದಾಹರಣೆ ಕೊಟ್ಟು, ಮೃಗಪಕ್ಷಿಗಳನ್ನೆಲ್ಲ ಪಳಗಿಸಿದ ಮನುಷ್ಯ ಇದೊಂದನ್ನು ಪಳಗಿಸಲಾರದೆ ಸೋತ ಎನ್ನುತ್ತಾನೆ. ದೇವರನ್ನು ಹೊಗಳುವುದೂ ನೆರೆಯವನನ್ನು ಶಪಿಸುವುದೂ ಒಂದೇ ಬಾಯಿಂದ ಹೇಗೆ, ಒಂದೇ ಒರತೆಯಲ್ಲಿ ಸಿಹಿನೀರೂ ಕಹಿನೀರೂ ಬಂದಾವೇ ಎಂದು ಕೇಳುತ್ತಾನೆ. ಬೋರು ಕೊರೆಸಿದರೆ ಸವಳು ನೀರು ಬಂದೀತೆಂದು ಅಂಜುವ ನಮ್ಮ ಕಡೆಯವರಿಗೆ ಈ ಮಾತನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಪತ್ರಿಕೆಯನ್ನು ನನಗೆ ಕಲಿಸಿದವಳು ಅಜ್ಜಿ. ಅವಳ ತವರು ಗುಳೇದಗುಡ್ಡ. ಖಣ ನೇಯುವ ಊರು, ಮಗ್ಗದ ಸದ್ದಿನ ಮೇಲೆ ಕೇಳಿಸಬೇಕೆಂದರೆ ಗಂಟಲೆತ್ತಲೇಬೇಕು. ಹಾಗೆ ಎತ್ತಿದ ಗಂಟಲನ್ನು ಇಬ್ರಾಹಿಂಪುರಕ್ಕೆ ಬಂದ ಮೇಲೂ ಅವಳು ಇಳಿಸಲಿಲ್ಲ. ಒಮ್ಮೆ ಸಭಾಪಾಲಕರು ಭಾನುವಾರದ ಆರಾಧನೆಯಲ್ಲಿ ಯಾಕೋಬನ ಮೂರನೆಯ ಅಧ್ಯಾಯದ ಮೇಲೆ ಪ್ರಸಂಗ ಮಾಡಿದರು. ಮಾಡುವಾಗ ಅವರ ಕಣ್ಣು ಎರಡು-ಮೂರು ಸಲ ಅಜ್ಜಿಯ ಬೆಂಚಿನ ಮೇಲೆ ತಂಗಿತು. ಹೊರಗೆ ಬಂದ ಮೇಲೆ ಅಜ್ಜಿ ಅವರನ್ನು ತಡೆದಳು. ‘ಅಯ್ಯಾರ, ಮೂರನೇದು ಓದಿದ್ರಿ, ಚೊಲೋ ಆತು. ಎರಡನೇದು ಯಾವಾಗ ಓದತೀರಿ?’

ಎರಡನೆಯ ಅಧ್ಯಾಯದಲ್ಲಿ ಇರುವುದು ಬೇರೆಯೇ ಬಗೆಯ ನಾಲಿಗೆ. ಅರಿವೆಯಿಲ್ಲದ, ಅಂದಿನ ಊಟಕ್ಕೂ ಗತಿಯಿಲ್ಲದ ಅಣ್ಣನೋ ತಂಗಿಯೋ ಬಾಗಿಲಿಗೆ ಬಂದಾಗ, ಹೋಗಿ ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ ಎಂದು ಹರಸಿ ಬರಿಗೈಯಲ್ಲಿ ಕಳಿಸಿದರೆ ಏನು ಬಂತು ಎಂದು ಯಾಕೋಬ ಅಲ್ಲಿ ಕೇಳುತ್ತಾನೆ. ಕ್ರಿಯೆಯಿಲ್ಲದ ನಂಬಿಕೆಯನ್ನು ಅವನು ಹೆಣದ ಲೆಕ್ಕಕ್ಕೆ ಸೇರಿಸುವುದು ಇದೇ ಜಾಗದಲ್ಲಿ. ಗಮನಿಸಬೇಕು, ಇಲ್ಲಿ ಯಾರೂ ಯಾರನ್ನೂ ಬೈದಿಲ್ಲ. ಆಡಿದ ಮಾತೆಲ್ಲ ಆಶೀರ್ವಾದವೇ. ಆದರೂ ಅದು ತಪ್ಪಿತಸ್ಥ ಮಾತು. ಅಜ್ಜಿ ಹಿಡಿದದ್ದು ಈ ಎಳೆಯನ್ನು. ಯಾರಾದರೂ ಕಷ್ಟ ಹೇಳಿಕೊಂಡು ಬಂದರೆ ಅವಳು ಮೊದಲು ಒಳಗೆ ಹೋಗಿ ಚೀಲಕ್ಕೆ ಜೋಳ ಅಳೆಯುತ್ತಿದ್ದಳು. ಚೀಲ ಅವರ ಕೈಗೆ ಕೊಟ್ಟ ಮೇಲೆ ಬೈಗುಳ: ಮೊದಲೇ ಯಾಕೆ ಹೇಳಲಿಲ್ಲ, ನಾವು ಸತ್ತಿದ್ದೆವೇನು, ಹೀಗೆ. ಕರುಣೆಯ ನುಡಿ ಅವಳ ಬಾಯಿಂದ ಬಂದದ್ದು ನನಗೆ ನೆನಪಿಲ್ಲ.

ಯಾಕೋಬನ ಪತ್ರಿಕೆಗೆ ಸ್ವಂತ ಮನೆಯಲ್ಲೇ ಅವಮಾನವಾದ ಕಥೆಯೊಂದಿದೆ. ನಂಬಿಕೆಯೊಂದರಿಂದಲೇ ಮುಕ್ತಿ ಎಂದು ಸಾರಿದ ಮಾರ್ಟಿನ್ ಲೂಥರ್‌ಗೆ ಕ್ರಿಯೆ ಕ್ರಿಯೆ ಎಂದು ಕಾಡುವ ಈ ಪತ್ರಿಕೆ ಹಿಡಿಸಲಿಲ್ಲ. 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆಗೆ ಬರೆದ ಮುನ್ನುಡಿಯಲ್ಲಿ ಇದನ್ನು ಒಣಹುಲ್ಲಿನ ಪತ್ರಿಕೆ ಎಂದು ಕರೆದ. ಮುಂದಿನ ಮುದ್ರಣಗಳಲ್ಲಿ ಆ ಮಾತು ಹೊರಬಿತ್ತು ನಿಜ, ಆದರೆ ಆಡಿದ್ದು ಆಡಿದ್ದೇ, ಐನೂರು ವರ್ಷವಾದರೂ ಜನ ಎತ್ತಿ ಆಡುತ್ತಾರೆ. ಲೂಥರ್ ಒಂದು ಬೇಸಿಗೆ ತಿಕೋಟಾ, ಬಬಲೇಶ್ವರದ ಕಡೆ ಕಳೆದಿದ್ದರೆ ಬೇರೆ ಬೈಗುಳ ಹುಡುಕುತ್ತಿದ್ದನೇನೋ. ಮಳೆ ಕೈಕೊಟ್ಟ ವರ್ಷ ನಮ್ಮಲ್ಲಿ ಕಣಿಕಿಯ ಬಣವಿಯೇ ಆಸ್ತಿ. ದನ ಉಳಿಸಿಕೊಂಡವನನ್ನು ಕೇಳಿದರೆ ಒಣಹುಲ್ಲಿನ ಪತ್ರಿಕೆ ಎಂಬುದನ್ನು ಅವನು ಹೊಗಳಿಕೆ ಎಂದೇ ತಿಳಿದಾನು.

ಹೀಗೆ ಹಗುರಾದ ಪತ್ರಿಕೆ ಕನ್ನಡಕ್ಕೆ ಬಂದದ್ದು ಬಳ್ಳಾರಿಯ ದಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆಸಿ ಅನುವಾದಕ್ಕೆ ಕೂತ. ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾದದ್ದು 1831ರಲ್ಲಿ. ಮೂರು ವರ್ಷಕ್ಕೆ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದಿಳಿದರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿ ಹಾದು 1851ರಲ್ಲಿ ಗುಳೇದಗುಡ್ಡ ಮುಟ್ಟಿದರು. ಅವರಲ್ಲಿ ಬಹಳ ಜನ ತೆಂಕಣ ಜರ್ಮನಿಯ ಭಕ್ತಿಪಂಥದ ಮನೆಗಳಿಂದ ಬಂದವರು, ನಂಬಿಕೆ ದಿನದ ನಡತೆಯಲ್ಲಿ ಕಾಣಬೇಕೆಂದು ಹಟ ಹಿಡಿದವರು. ನಾಲಿಗೆಗೆ ಕಡಿವಾಣ ಹಾಕಿ ಎಂದು ಬೋಧಿಸುತ್ತಿದ್ದ ಇವರ ಗುಂಪಿನಲ್ಲೇ ನಿಘಂಟುಕಾರ ಕಿಟೆಲ್ ಇದ್ದದ್ದು ನನಗೆ ಯಾವಾಗಲೂ ನಗು ತರಿಸುತ್ತದೆ. 1894ರ ನಿಘಂಟಿನಲ್ಲಿ ಸುಮಾರು 70,000 ಪದ ಕೂಡಿಹಾಕಿ, ಕಡಿಮೆ ಮಾತಾಡಿರಪ್ಪಾ ಎಂದರೆ ಕನ್ನಡಿಗರು ಕೇಳಿಯಾರೇ?

ಬೋಧನೆಗೆ ಪರೀಕ್ಷೆ ಬಂದದ್ದು 1876ರಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರ ನಮ್ಮ ಸೀಮೆಯನ್ನು ಗುಡಿಸಿ ಹಾಕಿತು. ಆಗ ಇದು ಕಲಾದಗಿ ಜಿಲ್ಲೆ. 1872ರಲ್ಲಿ ಎಂಟು ಲಕ್ಷದ ಮೇಲಿದ್ದ ಜನ 1881ರ ಗಣತಿಗೆ ಆರೂವರೆ ಲಕ್ಷಕ್ಕಿಂತ ಕಡಿಮೆ. ಆ ದಿನಗಳಲ್ಲಿ ಹೋಗಿ ಬೆಚ್ಚಗಿರು ಎಂದು ಹರಸಲು ಯಾವ ಧರ್ಮದವರಿಗೂ ಬಾಯಿ ಬರುವಂತಿರಲಿಲ್ಲ. ಮಿಷನ್ನಿನವರು ಅನಾಥರಾದ ಮಕ್ಕಳನ್ನು ಸಾಕಿದರು. ಗಂಜಿಗಾಗಿ ಕುಲ ಬಿಟ್ಟವರು ಎಂಬ ಮಾತು ಆ ಮಕ್ಕಳಿಗೂ ಅವರ ಮೊಮ್ಮಕ್ಕಳಿಗೂ ಅಂಟಿತು. ಹಸಿದವರಿಗೆ ಅನ್ನದ ಜೊತೆ ಮತವನ್ನೂ ಬಡಿಸಿದ್ದು ಸರಿಯೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ನಮ್ಮ ಮನೆಯ ಮೂಲವೂ ಆ ಗಂಜಿಯ ಪಾತ್ರೆಯ ಹತ್ತಿರವೇ ಎಲ್ಲೋ ಇದೆ. ಅಜ್ಜಿಗೆ ಯಾರಾದರೂ ಇದನ್ನು ಚುಚ್ಚಿ ಹೇಳಿದರೆ ಅವಳ ಉತ್ತರ ಒಂದೇ: ‘ಹೌದಪಾ, ಗಂಜಿ ಕುಡದೇ ಬದುಕೀವಿ. ನೀ ಏನು ಕೊಟ್ಟಿದ್ದಿ?’

1884ರಲ್ಲಿ ಗದಗ-ಹೊಟಗಿ ರೈಲು ಓಡಿತು. ಮರುವರ್ಷ ಜಿಲ್ಲೆಯ ಕಚೇರಿ ಕಲಾದಗಿಯಿಂದ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂತು, ಅದೇ 1885ರಲ್ಲಿ ಬಾಸೆಲ್ ಮಿಷನ್ನೂ ಇಲ್ಲಿ ಠಾಣ್ಯ ಹೂಡಿತು. ಗೋಳಗುಮ್ಮಟ ಇರುವ ಊರಿಗೆ ಮಾತಿನ ಉಪದೇಶ ಮಾಡಲು ಬರುವುದೆಂದರೆ ಧೈರ್ಯವೇ. 1656ರ ಆ ಗೋರಿಯ ಗುಮ್ಮಟ ಒಳಗೆ ಸುಮಾರು 38 ಮೀಟರ್ ಅಗಲ. ಪಿಸುಗುಟ್ಟಿದ್ದು ಎದುರು ದಂಡೆಗೆ ತಲುಪುತ್ತದೆ, ಒಂದು ಚಪ್ಪಾಳೆ ಏಳಾಗಿ ಮರಳುತ್ತದೆ. ಆದರೆ ಇಂದು ಮೇಲೆ ಹತ್ತಿದರೆ ಪಿಸುಮಾತು ಕೇಳುವ ಭಾಗ್ಯವಿಲ್ಲ. ಶಾಲೆ ಪ್ರವಾಸದ ಮಕ್ಕಳಿಂದ ಹಿಡಿದು ನಿವೃತ್ತ ಗುಮಾಸ್ತರವರೆಗೆ ಎಲ್ಲರೂ ಕೂಗುವವರೇ. ‘ಸುಮ್ನಿರ್ರಿ, ಒಬ್ಬೊಬ್ಬರ ಒದರ್ರಿ’ ಎಂದು ಗೈಡು ಬೇಡಿಕೊಂಡದ್ದೂ ಏಳು ಸಲ ಕೇಳಿಸುತ್ತದೆ. ಕೇಳಲು ಅವಸರವಿರಲಿ, ಮಾತಿಗೆ ನಿಧಾನವಿರಲಿ ಎಂಬ ಯಾಕೋಬನ ಬುದ್ಧಿವಾದವನ್ನು ಪಾಲಿಸಿದರಷ್ಟೇ ಆ ಗುಮ್ಮಟದ ಸೊಗಸು ಸಿಗುವುದು.

ಈ ಬುದ್ಧಿವಾದ ನಮಗೆ ಪರದೇಶದ್ದೂ ಅಲ್ಲ. ನುಡಿ-ನಡೆ ಒಂದಾಗಬೇಕೆಂದ ಬಸವಣ್ಣ ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯದು. ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮಿಗಳು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ದನಿಯೇರಿಸದೆ ಪ್ರವಚನ ಹೇಳುತ್ತಿದ್ದರೆ ಸಾವಿರಾರು ಜನ ಉಸಿರು ಸಣ್ಣ ಮಾಡಿ ಕೂರುತ್ತಿದ್ದರು. ನಮ್ಮ ಸಭೆಯವರೂ ಹೋಗಿ ಕೂತದ್ದುಂಟು. ಸ್ವಾಮಿಗಳ ಅಂಗಿಗೆ ಕಿಸೆ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದಾಗ ನಯವಾಗಿ ಬೇಡವೆಂದರು. 2023ರ ಜನವರಿ 2ರಂದು ತೀರಿಕೊಂಡಾಗ, ಸ್ಮಾರಕ ಕಟ್ಟಬಾರದೆಂದು ಅವರು ಮೊದಲೇ ಬರೆದಿಟ್ಟದ್ದು ತಿಳಿಯಿತು. ಹೇಳಿದ್ದಕ್ಕೂ ಬದುಕಿದ್ದಕ್ಕೂ ನಡುವೆ ಅಂತರ ಉಳಿಸದವರ ಮಾತಿಗೆ ಮೈಕಿನ ಹಂಗಿಲ್ಲ.

ನಮ್ಮ ಹಂಗು ಈಗ ಫೋನಿಗೆ. ಪ್ರಾರ್ಥನಾ ಕೂಟದ ವಾಟ್ಸಾಪ್ ಗುಂಪಿಗೆ ಬೆಳಗ್ಗೆ ಒಂದು ವಿನಂತಿ ಬೀಳುತ್ತದೆ: ಇಂಥವರ ಮಗ ಕುಡಿತಕ್ಕೆ ಬಿದ್ದಿದ್ದಾನೆ, ಸೊಸೆ ತವರಿಗೆ ಹೋಗಿದ್ದಾಳೆ, ಎಲ್ಲರೂ ಪ್ರಾರ್ಥಿಸಿರಿ. ಪ್ರಾರ್ಥನೆಯ ಹೆಸರಲ್ಲಿ ಮನೆಯ ಗುಟ್ಟು ಊರು ಸುತ್ತಿ ಬರುತ್ತದೆ. ಕೆಳಗೆ ಕೈಮುಗಿದ ಚಿತ್ರಗಳ ಸಾಲು, ‘ಆಮೆನ್’, ‘ದೇವರು ನೋಡ್ಕೋತಾನ’. ಇವರಲ್ಲಿ ಒಬ್ಬರೂ ಆ ಮನೆಯ ಮೆಟ್ಟಿಲು ಹತ್ತಿರುವುದಿಲ್ಲ. ಯಾಕೋಬನ ಮೂರನೆಯ ಅಧ್ಯಾಯ, ಎರಡನೆಯ ಅಧ್ಯಾಯ ಎರಡೂ ಒಂದೇ ಪರದೆಯ ಮೇಲೆ ಮುರಿದು ಬಿದ್ದಿರುತ್ತವೆ. ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ಹೋಗಿ ಕಾಣುವುದೇ ಶುದ್ಧ ಭಕ್ತಿ ಎಂದು ಮೊದಲನೆಯ ಅಧ್ಯಾಯದಲ್ಲೇ ಹೇಳಿ ಮುಗಿಸಿದ ಮನುಷ್ಯನಿಗೆ ಈ ಕೈಮುಗಿದ ಚಿತ್ರಗಳನ್ನು ತೋರಿಸುವ ಧೈರ್ಯ ನನಗಿಲ್ಲ.

ಆದ್ದರಿಂದ ನನ್ನ ತೀರ್ಪು ಇಷ್ಟು. ನಾಲಿಗೆಯ ಹತೋಟಿ ಎಂದರೆ ಬೈಗುಳ ಬಿಡುವುದಷ್ಟೇ ಎಂದು ನಾವು ಬಹಳ ಕಾಲ ತಿಳಿದೆವು. ಕೈ ಹಿಂಬಾಲಿಸದ ಸವಿಮಾತೇ ಅದಕ್ಕಿಂತ ದೊಡ್ಡ ಅಪಾಯ, ಯಾಕೆಂದರೆ ಆಡಿದವನಿಗೆ ಪುಣ್ಯ ಬಂದಂತೆ ಅನ್ನಿಸಿಬಿಡುತ್ತದೆ. ನೀವು ಯಾವ ದೇವರಿಗೆ ಕೈ ಮುಗಿಯುವವರೇ ಆಗಿರಿ, ಇನ್ನು ಮೇಲೆ ಯಾರದಾದರೂ ಕಷ್ಟದ ಸುದ್ದಿ ಬಂದರೆ ಮರುಕದ ಮಾತು ಟೈಪ್ ಮಾಡುವ ಮೊದಲು ಅವರಿಗೆ ಒಂದು ಫೋನ್ ಮಾಡಿ, ಏನು ಬೇಕು ಎಂದು ಕೇಳಿ. ಬೇಕಾದದ್ದನ್ನು ಮುಟ್ಟಿಸಿದ ಮೇಲೆ ಟೈಪ್ ಮಾಡದಿದ್ದರೂ ನಡೆಯುತ್ತದೆ.