ಬಾಕಿ ಇರಲಿ

ನನ್ನ ಉದ್ಯೋಗ ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸಿನ ಲೆಕ್ಕಪತ್ರ ವಿಭಾಗದಲ್ಲಿ. ಯಾರ ಬಾಕಿಯೂ ಉಳಿಯದಂತೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ. ರಾಜಘಟ್ಟದ ನಮ್ಮಜ್ಜಿ ಮಾತ್ರ ಬಾಕಿ ಉಳಿಸಿಕೊಂಡೇ ಊರು ತುಂಬ ಬಳಕೆ ಬೆಳೆಸಿದವಳು.

ಅವಳ ಬಂಡವಾಳ ಮುಯ್ಯಾಳು. ಹದವಾಗಿ ಮಳೆ ಬಿತ್ತೆಂದರೆ ರಾಗಿ ಪೈರಿನ ಜೊತೆಗೆ ಕಳೆಯೂ ಎಲ್ಲರ ಹೊಲದಲ್ಲಿ ಒಟ್ಟಿಗೇ ಏಳುತ್ತದೆ. ತಡ ಮಾಡಿದರೆ ಪೈರು ಸೊರಗುತ್ತದೆ. ಕೂಲಿ ಕೊಡೋಣವೆಂದರೆ ಕೈಯಲ್ಲಿ ಕಾಸಿಲ್ಲ. ಹಾಗಾಗಿ ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಹೊಲದವರು ಮುದ್ದೆ, ಸಾರು, ಎಲೆ ಅಡಿಕೆ ಕೊಟ್ಟರಾಯಿತು. ಚುರುಕಿನ ಹುಡುಗಿ ಸಾಲು ಮುಗಿಸಿ ತಿರುಗುವ ಹೊತ್ತಿಗೆ ಮಂಡಿನೋವಿನ ಮುದುಕಿ ಅರ್ಧವೂ ದಾಟಿರುತ್ತಿರಲಿಲ್ಲ. ಸಂಜೆ ಇಬ್ಬರದೂ ಒಂದೊಂದು ಆಳೇ. ಯಾವ ಎಚ್‌ಆರ್‌ನವರಿಗೂ ಇಂಥ ಧೈರ್ಯ ಬಂದದ್ದನ್ನು ನಾನು ಕಂಡಿಲ್ಲ.

ಅಜ್ಜಿ ಒಂದು ಆಳನ್ನು ಬೇಕೆಂದೇ ತೀರಿಸದೆ ಇಟ್ಟುಕೊಳ್ಳುತ್ತಿದ್ದಳು. ಇಲ್ಲವೇ ಒಂದು ದಿನ ಹೆಚ್ಚಿಗೆ ದುಡಿದು ಬರುತ್ತಿದ್ದಳು. ಕೇಳಿದರೆ, "ಚುಕ್ತಾ ಆಗೋಯ್ತು ಅಂದ್ರೆ ಅವ್ಳು ನಮ್ಮನೆ ಬಾಗ್ಲಿಗೆ ಯಾಕ್ಲಾ ಬತ್ತಾಳೆ?" ಅನ್ನುತ್ತಿದ್ದಳು.

2001ರ ನಂತರ ಮೈಸೂರು ವಿಶ್ವವಿದ್ಯಾಲಯದವರು ನಮ್ಮೂರ ದಿಬ್ಬ ಅಗೆದರು. ಬೌದ್ಧ ಚೈತ್ಯ, ವಿಹಾರಗಳ ತಳಪಾಯ ಸಿಕ್ಕಿತು. ಜೊತೆಗೆ ಹರಕೆಗೆಂದು ಒಪ್ಪಿಸಿದ ಮಣ್ಣಿನ ಪುಟ್ಟ ಪುಟ್ಟ ಸ್ತೂಪಗಳು; ಅವುಗಳ ಹೊಟ್ಟೆಯೊಳಗೆ ಅಕ್ಷರ ಒತ್ತಿದ ಮಣ್ಣಿನ ಬಿಲ್ಲೆ. ಸಾವಿರದೈನೂರು ವರ್ಷದ ಹಿಂದಿನ ಮಾತು ಎಂದು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಅಜ್ಜಿಯ ಪ್ರಶ್ನೆಯೇ ಬೇರೆ: "ಆ ಸನ್ಯಾಸಿಗಳು ಹೊಲ ಉಳಲಿಲ್ವಲ್ಲ, ಉಣ್ಣಾಕೆ ಇಕ್ತಿದ್ದೋರು ಯಾರು?" ಊಟ ಕೊಟ್ಟವರಿಗೆ ಅವರು ಏನು ಮುಯ್ಯಿ ತೀರಿಸಿದರು ಎಂಬುದು ಅವಳ ಚಿಂತೆ. ಇತಿಹಾಸ ಓದಿದವರು ಕೇಳಬೇಕಾದ ಪ್ರಶ್ನೆಯೇ ಅದು ಎಂದು ಈಗ ಅನ್ನಿಸುತ್ತದೆ.

ಮುಯ್ಯಾಳು ಈಗ ಅಪರೂಪ. ಬೋರ್‌ವೆಲ್ ಬಂತು, ದ್ರಾಕ್ಷಿ ಬಂತು, ದಿನಗೂಲಿ ಬಂತು. 2008ರಲ್ಲಿ ದೇವನಹಳ್ಳಿಗೆ ವಿಮಾನವೇ ಬಂತು. ಕಳೆ ಕೀಳಬೇಕಾಗಿದ್ದ ಹೆಣ್ಣುಮಕ್ಕಳನ್ನು ಬೆಳಗಾಗುತ್ತಲೇ ಗಾರ್ಮೆಂಟ್ಸ್ ಬಸ್ಸು ಹತ್ತಿಸಿಕೊಂಡು ಹೋಗುತ್ತದೆ.

ಅದೇ ಹೆಣ್ಣುಮಕ್ಕಳು ಹೊಲಿಗೆ ಲೈನಿನಲ್ಲಿ ಮುಯ್ಯಿ ಬಿಟ್ಟಿಲ್ಲ. ಕಾಲರ್ ಕೂಡಿಸುವವಳಿಗೆ ಜ್ವರ ಬಂದರೆ ಪಕ್ಕದವಳು ತನ್ನ ಬಂಡಲ್ ಮುಗಿಸಿ ಅವಳ ಬಂಡಲ್‌ಗೂ ಕೈ ಹಾಕುತ್ತಾಳೆ. ಟಾರ್ಗೆಟ್ ಹಲಗೆಯ ಮೇಲೆ ಅದಕ್ಕೆ ಕಾಲಂ ಇಲ್ಲ. ನಮ್ಮ ಆಫೀಸಿನ ಕಡೆ ಬಂದರೆ, ಕಾಫಿ ಕುಡಿದ ಲೋಟ ಕೆಳಗಿಡುವ ಮುಂಚೆಯೇ ಹದಿನೈದು ರೂಪಾಯಿ ಫೋನ್‌ಪೇ ಮಾಡುವ ಮಹಾಶಯರಿದ್ದಾರೆ. ಬಲು ಪ್ರಾಮಾಣಿಕರು. ಅವರ ಜೊತೆ ಎರಡನೇ ಕಾಫಿ ಕುಡಿಯಲು ಮಾತ್ರ ಕಾರಣವೇ ಸಿಗುವುದಿಲ್ಲ.

ಸ್ಟೋರ್ಸಿನ ಹಿರಿಯರೊಬ್ಬರು ಮೊನ್ನೆ ಆಡಿಟ್ಟಿನ ಹೊತ್ತಲ್ಲಿ ರಾತ್ರಿಯವರೆಗೂ ಕೂತು ನನ್ನ ಜೊತೆ ದಾರದ ಉಂಡೆ ಎಣಿಸಿಕೊಟ್ಟರು. "ನಿಮಗೆ ಒಂದು ಊಟ ಹಾಕಿಸಬೇಕು ಸರ್" ಅಂದೆ. "ಊಟ ಗೀಟ ಬೇಡಪ್ಪ, ಮಾರ್ಚ್ ಬರ್ತದಲ್ಲ, ನಮ್ಮ ಸ್ಟಾಕ್ ರಿಜಿಸ್ಟರ್‌ಗೆ ಕೂತ್ಕೋ" ಅಂದರು. ಒಪ್ಪಿಕೊಂಡಿದ್ದೇನೆ. ಅಲ್ಲಿಯವರೆಗೆ ದಿನಾ ಅವರ ಡಬ್ಬಿಯ ಅವರೆಕಾಳು ಉಪ್ಪಿಟ್ಟಿನಲ್ಲಿ ನನಗೂ ಪಾಲಿದೆ.