ಹವಳಕ್ಕೊಂದು ದೀಪ

ದೀಪ ಕೊಳ್ಳುವುದು ಯೋಚನೆ ಮಾಡಬೇಕಾದ ಕೆಲಸವೆಂದು ನಾನು ಎಂದೂ ಎಣಿಸಿದವನಲ್ಲ. ಬಲ್ಬು ಸುಟ್ಟರೆ ಬೀದಿಯ ಕೊನೆಯ ಅಂಗಡಿಗೆ ಹೋಗುವುದು, "ಒಂಬತ್ತು ವ್ಯಾಟಿನದು ಕೊಡಿ" ಎನ್ನುವುದು, ಅಂಗಡಿಯವನು ಅದನ್ನು ಒಮ್ಮೆ ಉರಿಸಿ ತೋರಿಸಿದ ಮೇಲೆ ದುಡ್ಡು ಕೊಟ್ಟು ಬರುವುದು. ನಮ್ಮ ಮನೆಯ ದೀಪಶಾಸ್ತ್ರ ಇಷ್ಟೇ. ಕಳೆದ ಬೇಸಿಗೆಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಅಣ್ಣನ ಮನೆಗೆ ಹೋದಾಗ, ನಾಲ್ಕು ತಿಂಗಳಿಂದಲೂ ಒಂದು ದೀಪವನ್ನು ಆರಿಸುತ್ತಲೇ ಇದ್ದ ಮನುಷ್ಯನನ್ನು ಕಂಡೆ. ಕಂಡು ಸುಮ್ಮನಿದ್ದಿದ್ದರೆ ಈ ಬರಹದ ಅಗತ್ಯವೇ ಇರಲಿಲ್ಲ. ನಡುವೆ ನಾನೂ ಕೈಹಾಕಿದೆ.

ಅಣ್ಣನ ಹಜಾರದಲ್ಲಿ ಒಂದು ಗಾಜಿನ ತೊಟ್ಟಿ ಇದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ; ಸುಮಾರು ೬೮೦ ಲೀಟರ್ ಉಪ್ಪುನೀರು ಹಿಡಿಯುತ್ತದೆ. ಮೀನುಗಳು ಆರೇಳು ಮಾತ್ರ. ಮನೆಯ ಯಜಮಾನಿಕೆ ಹವಳಗಳದು. ಹವಳವೆಂದರೆ ನನಗೆ ಗೊತ್ತಿದ್ದದ್ದು ಎರಡೇ ಬಗೆ: ಕಾವ್ಯಗಳಲ್ಲಿ ನಾಯಿಕೆಯ ತುಟಿಗೆ ಹೋಲಿಕೆಯಾಗಿ ಬರುವುದು, ಕುಜನ ಶಾಂತಿಗೆಂದು ಉಂಗುರದಲ್ಲಿ ಕೂರುವುದು. ಎರಡೂ ಕೆಂಪು. ಇಲ್ಲಿ ನೋಡಿದರೆ ಹಸಿರು, ನೇರಿಳೆ, ಕಂದು. ಕೊಂಬೆಯಂತೆ ಕೆಲವು, ಕೋಸಿನಂತೆ ಕೆಲವು.

"ಇದರಲ್ಲಿ ಹವಳ ಯಾವುದು?" ಎಂದು ಕೇಳಿದೆ.

"ಎಲ್ಲವೂ ಹವಳವೇ ಕಣೋ," ಎಂದ ಅಣ್ಣ. "ನಿನ್ನ ಉಂಗುರದ ಕೆಂಪು ಹವಳ ಮೆಡಿಟರೇನಿಯನ್ ಕಡಲಿನದು. ಅದು ಮಬ್ಬಿನಲ್ಲಿ, ಗುಹೆಗಳಲ್ಲಿ ಬೆಳೆಯುತ್ತೆ. ಇವು ಬಿಸಿಲು ಕುಡಿದು ಬದುಕೋ ಜಾತಿ."

ಹವಳ ಗಿಡವೂ ಅಲ್ಲ, ಕಲ್ಲೂ ಅಲ್ಲ. ಪುಟ್ಟ ಪ್ರಾಣಿಗಳ ಒಂದು ವಠಾರ. ಆ ಪ್ರಾಣಿಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಅದು ಬೆಳಕಿನಿಂದ ಆಹಾರ ತಯಾರಿಸಿ, ದೊಡ್ಡ ಪಾಲನ್ನು ಮನೆಯೊಡೆಯನಿಗೆ ಬಾಡಿಗೆಯಾಗಿ ಸಲ್ಲಿಸುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇಕಡ ೯೦ರವರೆಗೂ ಹೀಗೆ ಬರಬಹುದಂತೆ. ಆದ್ದರಿಂದ ಇಂಥ ತೊಟ್ಟಿಗೆ ದೀಪವೆಂದರೆ ಅಲಂಕಾರವಲ್ಲ, ಅಡಿಗೆಮನೆ.

ನಮ್ಮ ಕಡೆ ಈ ಹವ್ಯಾಸ ಇಷ್ಟು ಸುಲಭವಲ್ಲ. ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಆದರೆ ದಿಬ್ಬ ಕಟ್ಟುವ ಹವಳಗಳನ್ನೆಲ್ಲ ೨೦೦೧ರಲ್ಲಿ ವನ್ಯಜೀವಿ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿದ್ದಾರೆ. ಹುಲಿ ಇರುವ ಪಟ್ಟಿ ಅದು. ಒಂದು ಚೂರು ಮುರಿದು ತರುವಂತಿಲ್ಲ, ತರಲೂ ಬಾರದು. ಅಣ್ಣನ ಹವಳಗಳೂ ಕಡಲಿನಿಂದ ಕಿತ್ತು ತಂದವಲ್ಲ. ಇತರ ಹವ್ಯಾಸಿಗಳ ತೊಟ್ಟಿಯಲ್ಲಿ ಬೆಳೆದದ್ದರ ತುಂಡು ತಂದು, ನಾವು ದಾಸವಾಳದ ಕಡ್ಡಿ ನೆಟ್ಟ ಹಾಗೆ, ಅಂಟಿಸಿ ಬೆಳೆಸಿದವು. ನಟ್ಟನಡುವೆ ಇದ್ದ ನೇರಿಳೆ ತುದಿಯ ಕೊಂಬೆ ಹವಳ, ಅಕ್ರೊಪೊರ ಎಂದು ಅದರ ಹೆಸರು, ಅಣ್ಣನ ಮಗಳು ಕಾಲೇಜಿಗೆಂದು ಮನೆ ಬಿಟ್ಟ ವರ್ಷ ಬೆರಳುದ್ದ ಬಂದದ್ದು. ಈಗ ಹೂವಿನ ಬುಟ್ಟಿಯಷ್ಟು ಅಗಲವಾಗಿತ್ತು. ಅತ್ತಿಗೆ ಅದನ್ನು "ಚಿಕ್ಕ ಮಗಳು" ಎನ್ನುತ್ತಿದ್ದರು. ದೊಡ್ಡ ಮಗಳು ಫೋನು ಮಾಡಿದಾಗಲೆಲ್ಲ, "ತಂಗಿ ಹೇಗಿದಾಳೆ?" ಎಂದು ವಿಚಾರಿಸುವುದು ವಾಡಿಕೆಯಾಗಿತ್ತು.

ಹಳೆಯ ದೀಪಗಳಿಗೆ ಮುಪ್ಪು ಬಂದಿತ್ತು. ಹೊಸದನ್ನು ಹುಡುಕುತ್ತಿದ್ದ ಅಣ್ಣನನ್ನು ನೋಡಿದರೆ ನನಗೆ ಮಗಳಿಗೆ ವರ ಹುಡುಕುವ ತಂದೆಯ ನೆನಪಾಗುತ್ತಿತ್ತು. ವರಗಳು ಮೂರು.

ಮೊದಲನೆಯದು ಮೆಟಲ್ ಹ್ಯಾಲೈಡ್, ಅಲ್ಲಿಯವರೆಗೆ ಮನೆಯಲ್ಲಿದ್ದದ್ದೂ ಅದೇ. ಮಹಾ ತೇಜಸ್ವಿ. ಅದರ ಕೆಳಗೆ ಮರಳಿನ ಮೇಲೆ ಮಧ್ಯಾಹ್ನದ ಹೊಳೆಯಲ್ಲಿ ಆಡುವಂಥ ಬೆಳಕಿನ ಬಲೆ ಆಡುತ್ತದೆ. ಆದರೆ ಸಿಟ್ಟು ಮೂಗಿನ ತುದಿಯಲ್ಲಿ. ೨೫೦ ವ್ಯಾಟಿನವು ಮೂರು ದೀಪ, ದಿನಕ್ಕೆ ಹತ್ತು ಗಂಟೆ ಎಂದರೆ ಏಳೂವರೆ ಯೂನಿಟ್. ಅದರ ಕಾವಿಗೆ ನೀರು ಬಿಸಿಯೇರುತ್ತದೆ. ಹವಳಕ್ಕೆ ಬೇಕಾದದ್ದು ೨೫-೨೬ ಡಿಗ್ರಿ ಸೆಲ್ಸಿಯಸ್. ಹೀಗಾಗಿ ನೀರನ್ನು ತಂಪು ಮಾಡಲು ಇನ್ನೊಂದು ಯಂತ್ರ. ಬಿಸಿ ಮಾಡುವುದಕ್ಕೂ ದುಡ್ಡು, ಆರಿಸುವುದಕ್ಕೂ ದುಡ್ಡು.

ಎರಡನೆಯದು ಟಿ-೫ ಎಂಬ ಸಣ್ಣ ಟ್ಯೂಬ್‌ಲೈಟು. ಸಾಧು ಪ್ರಾಣಿ. ಎಂಟು ಟ್ಯೂಬುಗಳನ್ನು ಸಾಲಾಗಿ ಜೋಡಿಸಿದರೆ ಬೆಳಕು ಮೂಲೆ ಮೂಲೆಗೂ ಸಮನಾಗಿ ಹಬ್ಬುತ್ತದೆ, ಕೊಂಬೆಯ ಅಡಿಗೂ ನೆರಳು ಬೀಳದು. ದೋಷವೆಂದರೆ ಆಯುಸ್ಸು. ವರ್ಷ ಕಳೆಯುವಷ್ಟರಲ್ಲಿ ಕಸುವು ಇಳಿದಿರುತ್ತದೆ, ಮುಖ ನೋಡಿದರೆ ಮಾತ್ರ ಗೊತ್ತಾಗುವುದಿಲ್ಲ. ಎಂಟನ್ನೂ ವರ್ಷವರ್ಷ ಬದಲಾಯಿಸಬೇಕು.

ಮೂರನೆಯದು ಎಲ್‌ಇಡಿ, ಹೊಸ ಕಾಲದ ಹುಡುಗ. ಖರ್ಚು ಕಡಿಮೆ, ವರ್ಷಗಟ್ಟಲೆ ಬಾಳಿಕೆ, ನೀರಿಗೆ ಹೆಚ್ಚು ಕಾವಿಲ್ಲ. ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಆದರೆ ಬೆಳಕು ಒಂದೇ ಕಡೆಯಿಂದ ಸುರಿಯುವುದರಿಂದ ನೆಲ್ಲಿಯಲ್ಲಿ ನಿಂತ ತಲೆಯಂತೆ ಕೆಳಗಿರುವ ಹವಳಕ್ಕೆ ಅತಿಯಾಗುತ್ತದೆ, ಪಕ್ಕದ್ದಕ್ಕೆ ನೆರಳಾಗುತ್ತದೆ. ಇದಕ್ಕೆ ಅಣ್ಣ ಕಂಡುಕೊಂಡ ಪರಿಹಾರ: ಒಂದೆರಡರ ಬದಲು ನಾಲ್ಕು ದೀಪ, ಒಂದರ ಬೆಳಕು ಇನ್ನೊಂದರ ಮೇಲೆ ಹಾಯುವಷ್ಟು ಎತ್ತರದಲ್ಲಿ. ನಾಲ್ಕೂ ಪೂರ್ತಿ ಉರಿದರೂ ೪೦೦ ವ್ಯಾಟ್ ದಾಟುವುದಿಲ್ಲ. ಅಂತೂ ನಾನು ಹೋದ ಎರಡನೆಯ ವಾರ ಲಗ್ನ ನಿಶ್ಚಯವಾಯಿತು.

ದೀಪ ಬಂದ ದಿನ ನನಗೆ ನಿರಾಶೆಯಾಯಿತು. ತೊಟ್ಟಿಯೆಲ್ಲ ನೀಲಿ, ಮಂಕು. "ಇಷ್ಟು ದುಡ್ಡು ಕೊಟ್ಟು ಕತ್ತಲೆ ಕೊಂಡೆಯಾ?" ಎಂದೆ. ಅಣ್ಣ ನಕ್ಕು ವಿವರಿಸಿದ. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ಆಳಕ್ಕೆ ಇಳಿಯಬಲ್ಲದ್ದು ನೀಲಿ. ಹವಳದೊಳಗಿನ ಪಾಚಿಗೆ ಅದರದೇ ರೂಢಿ. ನಮ್ಮ ಕಣ್ಣೋ ಹಳದಿ-ಹಸಿರಿಗೆ ಚುರುಕು, ನೀಲಿಗೆ ಮಂದ. ಡಬ್ಬಿಯ ಮೇಲೆ ಬರೆಯುವ ಲ್ಯೂಮೆನ್ ಲೆಕ್ಕ ಮನುಷ್ಯನ ಕಣ್ಣಿಗೆ ಮಾಡಿದ ಲೆಕ್ಕ. ಗಿಡ, ಪಾಚಿಗಳಿಗೆ ಬೇರೆಯೇ ಅಳತೆ ಇದೆ, 'ಪಾರ್' ಎನ್ನುತ್ತಾರೆ. ಸ್ನೇಹಿತರಿಂದ ಎರವಲು ತಂದ ಮಾಪಕವನ್ನು ನೀರಿನಲ್ಲಿ ಇಳಿಸಿ ತೋರಿಸಿದ. ಉಷ್ಣವಲಯದ ನಡುಹಗಲ ಬಿಸಿಲು ಆ ಅಳತೆಯಲ್ಲಿ ಸುಮಾರು ೨೦೦೦. ಹಳೆಯ ದೀಪದಲ್ಲಿ ಚಿಕ್ಕ ಮಗಳಿಗೆ ಸಿಗುತ್ತಿದ್ದದ್ದು ೨೫೦. ಹೊಸದನ್ನು ೧೫೦ರಿಂದ ಶುರುಮಾಡಿ ಎಂಟು ವಾರಗಳಲ್ಲಿ ಮೆಲ್ಲಗೆ ಏರಿಸಬೇಕು. "ಅಳತೆ ಅಷ್ಟೇ ಇದ್ದರೂ ಹೊಸ ಬೆಳಕು ಹೊಸ ಬೆಳಕೇ. ಒಗ್ಗಬೇಕು," ಎಂದ.

ನಾನು ತಲೆಯಾಡಿಸಿದೆ. ತಲೆಯಾಡಿಸುವುದಕ್ಕೂ ತಿಳಿಯುವುದಕ್ಕೂ ಇರುವ ದೂರ, ಇಪ್ಪತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಗೊತ್ತಿರಬೇಕಾಗಿತ್ತು.

ಮರುವಾರ ಅಣ್ಣ ಕಚೇರಿಯ ಕೆಲಸಕ್ಕೆಂದು ಐದು ದಿನ ಪರವೂರಿಗೆ ಹೋದ. ಮೀನಿಗೆ ಕಾಳು ಹಾಕುವುದು ನನ್ನ ಪಾಲಿಗೆ ಬಂತು. ಹೊರಗೆ ಒಳ್ಳೆಯ ಬಿಸಿಲು, ಒಳಗೆ ಆ ನೀಲಿ ಮಬ್ಬು. ದೀಪವನ್ನು ಹತೋಟಿಯಲ್ಲಿಡುವ ಹಳೆಯ ಫೋನು ಪಕ್ಕದಲ್ಲೇ ಇತ್ತು. ಪಾಪ, ಕತ್ತಲಲ್ಲಿವೆಯಲ್ಲ ಎನ್ನಿಸಿ ಬೆರಳಾಡಿಸಿದೆ. ಬೆಳಕು ಏರಿತು, ಬಿಳುಪಾಯಿತು, ತೊಟ್ಟಿ ಝಗಮಗಿಸಿತು. ಅತ್ತಿಗೆಯನ್ನು ಕರೆದು ತೋರಿಸಿದೆ. ಅವರು, "ನಿಮ್ಮಣ್ಣ ಹೇಳಿದ್ದಾರೇನು?" ಎಂದರು. "ಹೇಳಿದ ಹಾಗೇ" ಎಂದುಬಿಟ್ಟೆ.

ನಾಲ್ಕನೆಯ ದಿನ ಚಿಕ್ಕ ಮಗಳ ಮೈ ತೆಳುವಾಗಿ ಹೊಳೆಯತೊಡಗಿತು. ಐದನೆಯ ದಿನ ಮೇಲಿನ ಕೊಂಬೆಗಳು ಹಾಲಿನಂತೆ ಬೆಳ್ಳಗಾದವು. ಎಷ್ಟು ಚೆಲುವಾಯಿತೆಂದು ನಾನು ಫೋಟೋ ಕೂಡ ತೆಗೆದೆ.

ಅಣ್ಣ ಬಂದವನು ಚೀಲವನ್ನು ಕೆಳಗಿಡದೆ ನಿಂತುಬಿಟ್ಟ. "ಯಾರು ಮುಟ್ಟಿದ್ದು?" ಹೇಳಿದೆ. ಮಾಪಕವಿಟ್ಟು ನೋಡಿದ, ೫೦೦ರ ಹತ್ತಿರ. ಬೆಳಕು ಅತಿಯಾದಾಗ ಪಾಚಿಯ ಕಾರ್ಖಾನೆ ಕೆಟ್ಟು ವಿಷ ಹುಟ್ಟುತ್ತದೆ. ಹವಳ ತನಗೆ ಅನ್ನ ಹಾಕುವ ಬಾಡಿಗೆದಾರನನ್ನೇ ಹೊರಗೆ ಹಾಕುತ್ತದೆ. ಆಗ ಪಾರದರ್ಶಕವಾದ ಮೈಯ ಹಿಂದೆ ಸುಣ್ಣದ ಎಲುಬು ಕಾಣುತ್ತದೆ. ನಾನು ಚೆಲುವೆಂದದ್ದು ಅದನ್ನು. ಕಡಲಿನಲ್ಲಿ ಈ ಕೆಲಸ ಮಾಡುವುದು ಮುಖ್ಯವಾಗಿ ನೀರಿನ ಕಾವು. ೧೯೯೮ರಲ್ಲಿ ಲಕ್ಷದ್ವೀಪದ ಹವಳಗಳೂ ಹೀಗೆ ಬಿಳಿಚಿದ್ದವು. ಲೋಕದ ಕಡಲುಗಳಲ್ಲಿ ನಾಲ್ಕನೆಯ ಸಲ ಇದು ವ್ಯಾಪಕವಾಗಿ ನಡೆಯುತ್ತಿದೆಯೆಂದು ೨೦೨೪ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಸಾರಿದರು. ಹಜಾರದ ಕಡಲಿಗೆ ನಾನೊಬ್ಬನೇ ಸಾಕಾದೆ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬೆಳಕನ್ನು ಇಳಿಸಿ, "ಬೆಳಕು ಸಾಲದು ಅಂತ ಹೇಳಿದ್ದು ನಿನ್ನ ಕಣ್ಣು. ಹವಳ ಹೇಳಲಿಲ್ಲವಲ್ಲ," ಎಂದಷ್ಟೇ ಹೇಳಿದ. ಸಂಜೆ ಮಗಳ ಫೋನು ಬಂತು. ಅತ್ತಿಗೆ, "ತಂಗಿಗೆ ಸ್ವಲ್ಪ ಜ್ವರ ಕಣೇ," ಎಂದು ನನ್ನ ಮುಖ ನೋಡದೆ ಅಡಿಗೆಮನೆಗೆ ಹೋದರು.

ಆ ರಾತ್ರಿ ನನಗೆ ನೆನಪಾದದ್ದು ಹವಳವಲ್ಲ, ಒಬ್ಬ ಹುಡುಗ. ಹಳ್ಳಿಯಿಂದ ಬಂದವನು, ಮನೆಯಲ್ಲಿ ಮೊದಲು ಕಾಲೇಜು ಕಂಡವನು. ಹಳೆಗನ್ನಡ ಕಷ್ಟವಾಗುತ್ತದೆಂದು ಬಂದು ಹೇಳಿದ. ನನಗೆ ಸಂತೋಷ ಉಕ್ಕಿತು. ಹತ್ತು ಪುಸ್ತಕಗಳ ಪಟ್ಟಿ ಕೊಟ್ಟೆ, ಪಂಪ, ರನ್ನ, ವ್ಯಾಕರಣ ಎಲ್ಲವನ್ನೂ ಒಂದೇ ಮಧ್ಯಾಹ್ನ ಸುರಿದೆ. ಮುಂದಿನ ವಾರದಿಂದ ಅವನು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ. ಅರ್ಥವಾಗತೊಡಗಿತೆಂದು ನಾನು ಹಿಗ್ಗಿದೆ. ತಿಂಗಳಾದ ಮೇಲೆ ತಿಳಿಯಿತು, ಅವನು ವಿಷಯವನ್ನೇ ಬದಲಾಯಿಸಿಕೊಂಡಿದ್ದ. ಬೆಳಕೆಂದರೆ ಜ್ಞಾನವೆಂದು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಎಷ್ಟು ಎಂಬ ಮಾತು ಆ ಪಾಠದಲ್ಲಿ ಬರುತ್ತಿರಲಿಲ್ಲ.

ಊರಿಗೆ ಹೊರಡುವ ಹೊತ್ತಿಗೆ ಮೇಲಿನ ಕೊಂಬೆಗಳು ಸತ್ತು, ಅವುಗಳ ಮೇಲೆ ಬೇಡದ ಪಾಚಿ ಹಿಡಿದಿತ್ತು. ಬುಡದಲ್ಲಿ ಮಾತ್ರ ಅಲ್ಲಲ್ಲಿ ಕಂದು ಉಳಿದಿತ್ತು. ಅಣ್ಣ ಪ್ರತಿ ಭಾನುವಾರ ಒಂದು ಫೋಟೋ ಕಳಿಸುತ್ತಾನೆ, ಮಾತಿಲ್ಲದೆ. ಕಂದು ಹಬ್ಬುತ್ತಿದೆ. ಕಳೆದ ವಾರದ ಚಿತ್ರದಲ್ಲಿ ಒಂದು ಹೊಸ ತುದಿ, ಅಕ್ಕಿಕಾಳಿನಷ್ಟು, ನೇರಿಳೆಯಾಗಿತ್ತು.

ನಿನ್ನೆ ನಮ್ಮ ಹಜಾರದ ಬಲ್ಬು ಸುಟ್ಟಿತು. "ಈ ಸಲ ದೊಡ್ಡದನ್ನೇ ತರ್ತೀನಿ ಅಪ್ಪಾ," ಎಂದು ಮಗ ಚಪ್ಪಲಿ ಮೆಟ್ಟಿದ. "ತಾಳೋ," ಎಂದೆ. ಅವನು ಕಾರಣ ಕೇಳಿದ. ಹೇಳಬೇಕಾದದ್ದು ಬಹಳವಿತ್ತು. ಸ್ವಲ್ಪವೇ ಹೇಳಿದೆ.